ನೂರು ಮೀಟರ್ ಗೆರೆಯೊಳಗಿನ ಜನ

ಸ್ಮಾರಕದ ಪಕ್ಕ ಮನೆ ಇರುವವರ ಕಷ್ಟದ ಬಗ್ಗೆ ಬರೆದರೆ ಸಾಕು, 'ಹಾಗಾದರೆ ಸ್ಮಾರಕ ಒಡೆದು ಸೈಟ್ ಮಾಡೋಣವಾ?' ಅಂತ ಕಾಮೆಂಟ್ ಬೀಳುತ್ತದೆ. ಸ್ವಲ್ಪ ತಡೆದುಕೊಳ್ಳಿ, ಪೂರ್ತಿ ಓದಿ ಆಮೇಲೆ ಬೈಯಿರಿ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಪ್ರತಿ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಂದರೆ ಅನುಮತಿ ಪಡೆದು ಕಟ್ಟಬೇಕಾದ ಜಾಗ. ನಿಷೇಧಿತ ಜಾಗದಲ್ಲಿ ಕಟ್ಟಡ ಎಬ್ಬಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗೋಲಗುಮ್ಮಟಕ್ಕೂ ನೂರು ಮೀಟರ್. ಉತ್ತರದಲ್ಲಿ ಮೊಘಲರ ಕಾಲದ ದಾರಿ ತೋರಿಸುವ ಒಂಟಿ ಕೋಸ್ ಮಿನಾರಿಗೂ ನೂರೇ ಮೀಟರ್.

ಬಯಲಲ್ಲಿರುವ ಗುಡಿಗೆ ಈ ಲೆಕ್ಕ ಸರಿ. ವಿಜಯಪುರ, ಶ್ರೀರಂಗಪಟ್ಟಣ, ಬಾದಾಮಿಯಂಥ ಊರುಗಳಲ್ಲಿ ಏನಾಗುತ್ತದೆ? ಅಲ್ಲಿ ಸ್ಮಾರಕಗಳು ಊರಿನ ನಡುವೆಯೇ ಇವೆ. ಒಂದರ ವೃತ್ತದ ಮೇಲೆ ಇನ್ನೊಂದರ ವೃತ್ತ ಬಂದು ಕೂರುತ್ತದೆ. ತಲೆಮಾರುಗಳಿಂದ ಅಲ್ಲೇ ಇರುವವರು ಮಗನ ಮದುವೆಗೆ ಮೇಲೊಂದು ರೂಮು ಹಾಕುವಂತಿಲ್ಲ. ಸೋರುವ ಮಾಳಿಗೆ ರಿಪೇರಿಗೆ ಅವಕಾಶವೇನೋ ಇದೆ, ಆದರೆ ಅದಕ್ಕೂ ನಿರಾಕ್ಷೇಪಣಾ ಪತ್ರ ಬೇಕು. ಮಳೆಗಾಲ ಆ ಪತ್ರಕ್ಕಾಗಿ ಕಾಯುವುದಿಲ್ಲ.

ಯಾರೂ ಎತ್ತದ ಮಾತೊಂದಿದೆ. ಪ್ರತಿ ಸ್ಮಾರಕಕ್ಕೂ ಅದರದೇ ಬೈಲಾ ಇರಬೇಕು ಎಂದು ಅದೇ 2010ರ ತಿದ್ದುಪಡಿಯಲ್ಲಿದೆ. ಎಷ್ಟು ಎತ್ತರ ಕಟ್ಟಬಹುದು, ಮುಂಭಾಗ ಹೇಗಿರಬೇಕು, ಚರಂಡಿ ಎಲ್ಲಿ ಹೋಗಬೇಕು, ಎಲ್ಲವನ್ನೂ ಆ ಜಾಗ ನೋಡಿ ಬರೆಯಬೇಕು. ಅದಕ್ಕೆಂದೇ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಹುಟ್ಟಿತು. ದೇಶದಲ್ಲಿ ಕೇಂದ್ರ ರಕ್ಷಿತ ಸ್ಮಾರಕಗಳು 3,600ಕ್ಕೂ ಹೆಚ್ಚು, ಅದರಲ್ಲಿ ಐನೂರರ ಆಸುಪಾಸು ಕರ್ನಾಟಕದಲ್ಲೇ ಇವೆ. ಬಹುಪಾಲು ಸ್ಮಾರಕಗಳಿಗೆ ಇನ್ನೂ ಬೈಲಾ ಅಂತಿಮವಾಗಿಲ್ಲ. ನಿಷೇಧ ಮರುದಿನವೇ ಜಾರಿ, ವಿವೇಚನೆ ಮಾತ್ರ ಕಡತದಲ್ಲಿ!

ಈ ಕಠಿಣ ಕಾನೂನಿನಿಂದ ಸ್ಮಾರಕಗಳಾದರೂ ಉಳಿದವಾ? 2013ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ, 92 ಸ್ಮಾರಕಗಳೇ ಕಾಣೆ ಎಂದಿತು. ಹುಡುಕಾಡಿದ ಮೇಲೂ 50 ಸಿಗಲಿಲ್ಲ ಎಂಬುದು 2022ರಲ್ಲಿ ಸಂಸದೀಯ ಸಮಿತಿಯ ಮುಂದೆ ಬಂತು. ಅದರಲ್ಲಿ 14 ನಗರ ಬೆಳವಣಿಗೆಗೆ ಬಲಿ, 12 ಜಲಾಶಯಗಳಲ್ಲಿ ಮುಳುಗಡೆ, ಉಳಿದ 24 ಎಲ್ಲಿವೆಯೋ ದೇವರೇ ಬಲ್ಲ. ಬೇಕಾದ ಕಾವಲುಗಾರರು 7,000, ಇದ್ದವರು 2,578, ಅದೂ 248 ಕಡೆ ಮಾತ್ರ. ಆ ಹನ್ನೆರಡನ್ನು ಮುಳುಗಿಸಿದ್ದು ಹಿತ್ತಿಲಲ್ಲಿ ಬಚ್ಚಲುಮನೆ ಕಟ್ಟಿಕೊಂಡವರಲ್ಲ.

ಸರ್ಕಾರಕ್ಕೇ ಅಡ್ಡ ಬಂದರೆ ನಿಯಮ ರಬ್ಬರಿನಂತೆ ಹಿಗ್ಗುತ್ತದೆ. ನಿಷೇಧಿತ ಪ್ರದೇಶದಲ್ಲಿ ಕೇಂದ್ರದ ಸಾರ್ವಜನಿಕ ಕಾಮಗಾರಿಗಳಿಗೆ ಅವಕಾಶ ಕೊಡುವ ಮಸೂದೆಗೆ 2018ರ ಜನವರಿಯಲ್ಲಿ ಲೋಕಸಭೆ ಒಪ್ಪಿಗೆ ಕೊಟ್ಟೂ ಆಗಿತ್ತು. ಹಂಪಿಯ ಕಥೆ ಇನ್ನೂ ಹಳೆಯದು. ತಳವಾರಘಟ್ಟದ ಬಳಿ ಆನೆಗೊಂದಿಗೆ ಸೇತುವೆ ಕಟ್ಟಲು ಹೊರಟದ್ದು ಸರ್ಕಾರ. ಆ ಕಾರಣಕ್ಕೇ 1999ರಲ್ಲಿ ಹಂಪಿ ಯುನೆಸ್ಕೊದ 'ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ' ಪಟ್ಟಿ ಸೇರಿತು, ಹೊರಬಂದದ್ದು 2006ರಲ್ಲಿ. 2009ರಲ್ಲಿ ಅದೇ ಸೇತುವೆ ಕಾಮಗಾರಿ ನಡೆಯುವಾಗಲೇ ಕುಸಿದು ಕಾರ್ಮಿಕರು ಸತ್ತರು. ಅದಾಗಿ ಎರಡು ವರ್ಷಕ್ಕೆ ವಿರೂಪಾಕ್ಷನ ಎದುರಿನ ರಥಬೀದಿಯ ಮಂಟಪಗಳಲ್ಲಿ ಸಂಸಾರ, ಅಂಗಡಿ ಇಟ್ಟುಕೊಂಡಿದ್ದವರ ಮೇಲೆ ಬುಲ್ಡೋಜರ್ ಬಂತು. ಮಂಟಪಕ್ಕೆ ಇಟ್ಟಿಗೆ ಗೋಡೆ ಎಬ್ಬಿಸಿದ್ದು ತಪ್ಪೇ, ಒಪ್ಪುತ್ತೇನೆ. ಆದರೆ ಬಜಾರನ್ನು ಉಳಿಸುತ್ತೇವೆ ಅಂತ ಅಲ್ಲಿನ ವ್ಯಾಪಾರ, ಮಾತುಕತೆಗಳನ್ನೇ ಎತ್ತಂಗಡಿ ಮಾಡುವುದು ನನಗೆ ಸಂರಕ್ಷಣೆಯಾಗಿ ಕಾಣುವುದಿಲ್ಲ. ಜಾತ್ರೆ ನಡೆಯುವ, ಪೂಜೆ ನಿಲ್ಲದ ಜಾಗವನ್ನು ಮ್ಯೂಸಿಯಂ ಕಪಾಟಿನ ಲೆಕ್ಕದಲ್ಲಿ ನೋಡಿದರೆ ಹೀಗೇ ಆಗುವುದು.

ಇದು ರಕ್ಷಿತ ಪಟ್ಟಿಯಲ್ಲಿರುವ ಸ್ಮಾರಕಗಳ ಪಾಡು. ಪಟ್ಟಿಯ ಹೊರಗೆ ಯಾರೂ ಕೇಳುವವರೇ ಇಲ್ಲ. ಕೇಂದ್ರದ ಪಟ್ಟಿಯಲ್ಲದೆ 1961ರ ರಾಜ್ಯದ ಕಾಯ್ದೆಯಡಿಯೂ ಎಂಟುನೂರಕ್ಕೂ ಹೆಚ್ಚು ರಕ್ಷಿತ ಸ್ಮಾರಕಗಳಿವೆ. ಅದರಾಚೆ ಊರೂರಲ್ಲಿ ಇರುವ ಹೊಯ್ಸಳ, ಚಾಲುಕ್ಯ ಗುಡಿಗಳು, ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳಿಗೆ ದಿಕ್ಕಿಲ್ಲ. ಕಮಿಟಿಯವರು ಭಕ್ತಿಯಿಂದಲೇ ದುಡ್ಡು ಕೂಡಿಸಿ ಹಳೇ ಕಂಬಕ್ಕೆ ಎನಾಮಲ್ ಪೇಂಟ್ ಬಳಿಯುತ್ತಾರೆ, ಗಾರೆ ಕಿತ್ತು ಸಿಮೆಂಟ್ ಮೆತ್ತುತ್ತಾರೆ, ನೆಲಕ್ಕೆ ಟೈಲ್ಸ್ ಹಾಕುತ್ತಾರೆ. ಸುಣ್ಣದ ಗಾರೆಯಲ್ಲಿ ನೀರಿನ ತೇವ ಆವಿಯಾಗಿ ಹೋಗುತ್ತದೆ. ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ, ಉಪ್ಪು ಕಲ್ಲಿನ ಮೈಗೆ ಬಂದು ಪದರ ಪದರವಾಗಿ ಉದುರಿಸುತ್ತದೆ. ಇನ್ನು ಸ್ಯಾಂಡ್ ಬ್ಲಾಸ್ಟಿಂಗ್! ಹೊಯ್ಸಳರ ಬಳಪದ ಕಲ್ಲು ಎಷ್ಟು ಮೆದುವೆಂದರೆ, ಮರಳು ರಭಸದಿಂದ ಬಡಿದರೆ ಕೊಳೆಯ ಜೊತೆ ಕೆತ್ತನೆಯೂ ಹೋಗುತ್ತದೆ. ಇದನ್ನು ಹಳ್ಳಿಯ ಕಮಿಟಿಗೆ ಹೇಳಿದವರು ಯಾರು? ಕೇಂದ್ರ ಇಲಾಖೆಯ 2014ರ ಸಂರಕ್ಷಣಾ ನೀತಿಯಲ್ಲಿ ಒಳ್ಳೆಯ ಮಾತುಗಳು ಬೇಕಾದಷ್ಟಿವೆ, ಆದರೆ ಅದು ಪೂಜಾರಿಯ ಕೈಗೋ ಗಾರೆ ಮೇಸ್ತ್ರಿಯ ಕೈಗೋ ತಲುಪಿದ್ದನ್ನು ನಾನು ಕಂಡಿಲ್ಲ.

ದಾರಿ ಇಲ್ಲವೆಂದಲ್ಲ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ರಾಜ್ಯದಲ್ಲಿ ಪಾಳುಬಿದ್ದ ಎಷ್ಟೋ ಗುಡಿಗಳನ್ನು ಎತ್ತಿ ನಿಲ್ಲಿಸಿದೆ. ಖರ್ಚಿನಲ್ಲಿ ಸರ್ಕಾರಕ್ಕೊಂದು ಪಾಲು, ಟ್ರಸ್ಟಿಗೊಂದು ಪಾಲು, ಊರವರಿಗೂ ಒಂದು ಪಾಲು. ಕೈಯಿಂದ ಕಾಸು ಹಾಕಿದ ಊರು ಆ ಗುಡಿಯನ್ನು ಬಿಟ್ಟುಕೊಡುವುದಿಲ್ಲ.

ನೂರು ಮೀಟರ್ ನಿಯಮ ಕಿತ್ತೊಗೆಯಿರಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಮೊದಲು ಓಡಿ ಬರುವವರು ರೆಸಾರ್ಟಿನವರು. ಆದರೆ ಬೈಲಾ ಬರೆದು ಮುಗಿಸಿ. ಗೆರೆಯೊಳಗೆ ಸುಣ್ಣದ ಗಾರೆಯಲ್ಲೇ ಮನೆ ರಿಪೇರಿ ಮಾಡುವವರಿಗೆ ಸಹಾಯಧನ ಕೊಡಿ. ಬೈಲಾ ಕರಡಿಗೆ ಆಕ್ಷೇಪಣೆ ಸಲ್ಲಿಸಲು 30 ದಿನದ ಅವಕಾಶವಿದೆಯಲ್ಲ, ಆ ಕರಡನ್ನು ವೆಬ್‌ಸೈಟಿನ ಮೂಲೆಯಲ್ಲಿ ಬಿಟ್ಟು ಸುಮ್ಮನಾಗಬೇಡಿ. ಕನ್ನಡದಲ್ಲಿ ಅಚ್ಚು ಹಾಕಿಸಿ, ಪಂಚಾಯಿತಿ ಗೋಡೆಗೆ ಅಂಟಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಿ. ಇದಕ್ಕೆ ಹೊಸ ಕಾಯ್ದೆಯೇನೂ ಬೇಕಾಗಿಲ್ಲ.