ಕುದುರೆಮುಖದ ಕಬ್ಬಿಣದ ಗಣಿ ಮುಚ್ಚಿಸಿದ್ದು ಸರಿಯೇ?

ಪರ

ಸರಿ, ನೂರಕ್ಕೆ ನೂರು ಸರಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ವರ್ಷಕ್ಕೆ 6,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುವ ಜಾಗ. ಅಂಥ ಕಡೆ ಗುಡ್ಡದ ಹುಲ್ಲು ಕಿತ್ತು ಮಣ್ಣನ್ನು ಮಳೆಗೆ ಒಡ್ಡಿದರೆ ಏನಾಗುತ್ತದೆ ಅಂತ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಮಳೆಗಾಲ ಬಂತೆಂದರೆ ಗಣಿಯ ಮಣ್ಣೆಲ್ಲ ಭದ್ರೆಗೆ ಇಳಿಯುತ್ತಿತ್ತು, ಆ ಹೂಳು ಹೊಳೆಯ ಜೊತೆ ಲಕ್ಕವಳ್ಳಿ ಜಲಾಶಯದ ಕಡೆಗೆ ಸಾಗುತ್ತಿತ್ತು.

ಅಲ್ಲಿಯ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಹಾಗಾಗಿ ಕಲ್ಲನ್ನು ನುಣ್ಣಗೆ ಅರೆದು, ಕಬ್ಬಿಣ ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರು? ಅದೆಲ್ಲ ಲಕ್ಯಾ ಅಣೆಕಟ್ಟಿನ ಹಿಂದೆ. ಗಣಿ ನಿಂತರೂ ಕೋಟಿಗಟ್ಟಲೆ ಟನ್ ಕೆಸರು ಅಲ್ಲೇ ಇದೆ, ಆ ಕಟ್ಟೆಯನ್ನು ಕಾಯುವುದು ಮುಂದಿನವರ ಪಾಲಿಗೆ ಬಂದಿದೆ.

ಇನ್ನು ಸಿಂಗಳೀಕ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಕೋತಿ. ನೆಲಕ್ಕೆ ಇಳಿಯುವುದೇ ಅಪರೂಪ, ಊಟ ನಿದ್ದೆ ಓಡಾಟ ಎಲ್ಲ ಕೊಂಬೆಗಳ ಮೇಲೇ. ನಡುವೆ ಕಾಡು ತುಂಡಾದರೆ ಒಂದು ಗುಂಪು ಇನ್ನೊಂದನ್ನು ಸೇರುವುದು ಹೇಗೆ ಹೇಳಿ? ಕಡಿದಷ್ಟೇ ಮರ ಬೇರೆ ಕಡೆ ನೆಡುತ್ತೇವೆ ಅನ್ನುವುದು ಸುಮ್ನೆ ಮಾತು. ಅಕೇಶಿಯಾ ನೆಟ್ಟರೆ ಗುಡ್ಡದ ಸಂದುಗಳ ನಿತ್ಯಹಸಿರು ಶೋಲಾ ಕಾಡು ಆಗುವುದಿಲ್ಲ.

1969ರಲ್ಲಿ ಕೊಟ್ಟ 30 ವರ್ಷದ ಗುತ್ತಿಗೆ 1999ಕ್ಕೆ ಮುಗಿದಿತ್ತು. ಅಷ್ಟರಲ್ಲಿ ಸುತ್ತಲ ಕಾಡು ರಾಷ್ಟ್ರೀಯ ಉದ್ಯಾನವೂ ಆಗಿತ್ತು. 2005ರ ಕೊನೆಗೆ ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ನನ್ನ ಕೇಳಿದರೆ ಅದೂ ತಡವೇ.

ವಿರೋಧ

ಕಾಡು ಬೇಡ ಅನ್ನುತ್ತಿಲ್ಲ. ಆದರೆ ಆ ಬೆಟ್ಟವನ್ನು ಅಷ್ಟು ಹೊತ್ತಿಗಾಗಲೇ ಅಗೆದಾಗಿತ್ತು. ಹೊಸ ಜಾಗ ಮುಟ್ಟದೆ, ಹೂಳು ಹೊಳೆಗೆ ಬೀಳದಂತೆ ಕಟ್ಟುನಿಟ್ಟು ಮಾಡಿ, ಅಗೆದ ಕಡೆಯೇ ಅದಿರು ಮುಗಿಸಿ ಎನ್ನಬಹುದಿತ್ತು. ಸರ್ಕಾರಿ ಕಂಪನಿ, ಎಲ್ಲರ ಕಣ್ಣೆದುರಿನ ಗಣಿ, ಲೆಕ್ಕ ಕೇಳುವುದು ಸುಲಭವಿತ್ತು.

ಕಬ್ಬಿಣದ ಬಳಕೆಯನ್ನು ನಾವು ಒಂದು ಕೇಜಿಯಷ್ಟೂ ಕಡಿಮೆ ಮಾಡಲಿಲ್ಲ. ಅದೇ ವರ್ಷಗಳಲ್ಲಿ ಬಳ್ಳಾರಿ, ಸಂಡೂರಿನಲ್ಲಿ ಏನು ನಡೆಯಿತು ಅಂತ ಎಲ್ಲರಿಗೂ ಗೊತ್ತು. ಗಡಿಕಲ್ಲು ಕಿತ್ತರು, ಪರ್ಮಿಟ್ ಇಲ್ಲದೆ ಲಾರಿಗಟ್ಟಲೆ ಅದಿರು ಸಾಗಿಸಿದರು, ಕೊನೆಗೆ 2011ರಲ್ಲಿ ಲೋಕಾಯುಕ್ತ ವರದಿ ಬಂದು ಸುಪ್ರೀಂ ಕೋರ್ಟೇ ಅಲ್ಲಿಯ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು. ಬಯಲುಸೀಮೆಯ ಕುರುಚಲು ಕಾಡಿಗೆ ಮಲೆನಾಡಿನಷ್ಟು ಅಭಿಮಾನಿಗಳಿಲ್ಲ, ಅಲ್ವಾ?

ಮಂಗಳೂರಿನ ಪೆಲೆಟ್ (ಅದಿರಿನ ಪುಡಿಯನ್ನು ಉಂಡೆ ಮಾಡುವ) ಘಟಕಕ್ಕೆ ಸ್ವಂತ ಅದಿರು ಇಲ್ಲದ, ಕುದುರೆಮುಖ ಅಗೆದ ಅದೇ ಕಂಪನಿ ಈಗ ಸಂಡೂರಿನ ದೇವದಾರಿ ಬೆಟ್ಟ ಕೇಳುತ್ತಿದೆ. ಸುಮಾರು 400 ಹೆಕ್ಟೇರ್ ಕಾಡು, ಲಕ್ಷದ ಹತ್ತಿರ ಮರ. ಜಮೀನು ಕೊಡಬೇಡಿ ಅಂತ ರಾಜ್ಯದ ಅರಣ್ಯ ಸಚಿವರು 2024ರಲ್ಲಿ ಅಧಿಕಾರಿಗಳಿಗೆ ಹೇಳಿದ್ದಾರೆ. ಒಂದು ಗಣಿ ಮುಚ್ಚಿಸುವಾಗ ಆ ಅದಿರು ಇನ್ನು ಯಾವ ಬೆಟ್ಟದಿಂದ ಬರುತ್ತದೆ ಅಂತಲೂ ಅಂದೇ ಕೂತು ಮಾತಾಡಬೇಕಿತ್ತು. ಸಂಡೂರಿನವರನ್ನು ಆಗ ಯಾರೂ ಕೇಳಲಿಲ್ಲ.