ಹಬೆಯಿಂದ ನೆಗಡಿಯ ವೈರಸ್ ಸಾಯುತ್ತದೆಯೇ? ಸತ್ಯಾಂಶ

ದಿನಕ್ಕೆ ಮೂರು ಬಾರಿ ಹಬೆ ತೆಗೆದುಕೊಂಡರೆ ವೈರಸ್ ಸತ್ತು ನೆಗಡಿ ಒಂದೇ ದಿನದಲ್ಲಿ ವಾಸಿಯಾಗುತ್ತದೆ ಎಂಬ ವಾಟ್ಸ್ಆ್ಯಪ್ ಸಂದೇಶ ನಿಜವಲ್ಲ. ನೆಗಡಿಗೆ ಹೆಚ್ಚಾಗಿ ಕಾರಣವಾಗುವ ರೈನೋವೈರಸ್ ಮೂಗು, ಗಂಟಲಿನ ಒಳಪದರದ ಜೀವಕೋಶಗಳೊಳಗೆ ಸೇರಿ ವೃದ್ಧಿಯಾಗುವುದರಿಂದ, ನಾವು ಸಹಿಸಬಲ್ಲಷ್ಟು ಬಿಸಿಯ ಹಬೆ ಅದನ್ನು ಕೊಲ್ಲಲಾರದು. ಕಟ್ಟಿದ ಮೂಗು ಸ್ವಲ್ಪ ಹೊತ್ತು ಸಡಿಲವಾದಂತೆ ಅನಿಸಬಹುದು, ಅಷ್ಟೆ. ಆದರೆ ಕುದಿಯುವ ನೀರಿನ ಪಾತ್ರೆ ಮಗುಚಿ ಮಕ್ಕಳ ತೊಡೆ, ಹೊಟ್ಟೆ ಸುಡುವ ಅವಘಡಗಳು ನಡೆಯುತ್ತಲೇ ಇರುವುದರಿಂದ, ಮಗುವಿಗೆ ಕಂಬಳಿ ಹೊದಿಸಿ ಪಾತ್ರೆಯ ಮುಂದೆ ಕೂರಿಸುವುದನ್ನು ದಯವಿಟ್ಟು ಬಿಡಿ.

ನೆಗಡಿಯನ್ನು ವಾಸಿಮಾಡುವುದು ದೇಹದ ರೋಗನಿರೋಧಕ ಶಕ್ತಿಯೇ. ಅದಕ್ಕೆ ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ಅಲ್ಲಿಯವರೆಗೆ ವಿಶ್ರಾಂತಿ, ಬಿಸಿ ಗಂಜಿ, ಮೆಣಸಿನ ಸಾರು ಹಿತ ನೀಡುತ್ತವೆ. ಕೆಮ್ಮಿಗೆ ಜೇನುತುಪ್ಪ ಒಳ್ಳೆಯದು, ಆದರೆ 1 ವರ್ಷ ತುಂಬದ ಕೂಸಿಗೆ ಅದನ್ನು ನೆಕ್ಕಿಸಲೂಬಾರದು. ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಉಸಿರಾಡಲು ಕಷ್ಟವಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು.