ಬೆಕ್ಕಿನ ಕೂದಲಿಗೂ ಬಸುರಿಗೂ ಏನು ಸಂಬಂಧ?

ದಾವಣಗೆರೆಯ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಮೊನ್ನೆ ಮತ್ತೆ ಅದೇ ಸಂದೇಶ ಬಂತು: ಗರ್ಭಿಣಿ ಇರುವ ಮನೆಯಲ್ಲಿ ಬೆಕ್ಕು ಬೇಡ, ಅದರ ಕೂದಲು ಹೊಟ್ಟೆಗೆ ಹೋದರೆ ಗರ್ಭ ನಿಲ್ಲುವುದಿಲ್ಲ. ಇದನ್ನು ನಂಬಿ ಸಾಕಿದ ಬೆಕ್ಕನ್ನು ಚೀಲಕ್ಕೆ ತುಂಬಿ ಊರಾಚೆ ಬಿಟ್ಟು ಬರುವವರಿದ್ದಾರೆ.

ಸತ್ಯಾಂಶ: ದೋಷ ಕೂದಲಿನದಲ್ಲ. ಗರ್ಭಕ್ಕೆ ತೊಂದರೆ ಕೊಡಬಲ್ಲ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಇರುವುದು ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ. ಅದೂ ಸಾಮಾನ್ಯವಾಗಿ ಮೊದಲ ಸಲ ಸೋಂಕಾದಾಗ, ಕೆಲವು ವಾರ ಮಾತ್ರ. ಹೊರಬಿದ್ದ ಮೇಲೂ ಅದು ಸೋಂಕು ಹರಡುವಂತಾಗಲು 1ರಿಂದ 5 ದಿನ ಬೇಕು. ಹಾಗಾಗಿ ಬೆಕ್ಕು ಮಲವಿಸರ್ಜನೆ ಮಾಡುವ ಮರಳಿನ ತಟ್ಟೆಯನ್ನು ದಿನಾ ಸ್ವಚ್ಛ ಮಾಡಬೇಕು. ಆ ಕೆಲಸ ಗಂಡನೋ ಮೈದುನನೋ ಮಾಡಲಿ. (ಸಂದೇಶದಿಂದ ಇಷ್ಟಾದರೂ ಉಪಕಾರವಾಗಲಿ!)

ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ಮಣ್ಣಾದ ಕೈಯಿಂದಲೂ ಇದೇ ಸೋಂಕು ಬರುತ್ತದೆ. ಮಂಡಕ್ಕಿಗೆ ಉದುರಿಸುವ ಕೊತ್ತಂಬರಿ ತೊಳೆದಿರಾ ಎಂದು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹೊಸದಾಗಿ ಬೆಕ್ಕು ತರಬೇಕೆನ್ನುವವರು ಹೆರಿಗೆವರೆಗೆ ಕಾಯುವುದು ಒಳ್ಳೆಯದು. ಬೀದಿಯ ಮರಿಗಳನ್ನಂತೂ ಆಗ ಎತ್ತಿಕೊಳ್ಳಬೇಡಿ. ಈಗಾಗಲೇ ಮನೆಯಲ್ಲಿರುವ ಬೆಕ್ಕಿಗೆ ಹಸಿ ಮಾಂಸ ಹಾಕದೆ, ಹೊರಗೆ ಅಲೆಯಲು ಬಿಡದೆ ಇಟ್ಟುಕೊಳ್ಳಿ.